ಅಲೊಪ್ಯುರಿನಾಲ್, ಫೆಬುಕ್ಸೋಸ್ಟ್ಯಾಟ್: ಎರಡನ್ನೂ ನುಂಗಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಲೊಪ್ಯುರಿನಾಲ್‌ಗೆ. ಬಿಪಿ, ಸಕ್ಕರೆ, ಸ್ಟೆಂಟ್, ಅದರ ಮೇಲೆ ಏರುತ್ತಿರುವ ಕ್ರಿಯಾಟಿನಿನ್ (ಅಂದರೆ ಕಿಡ್ನಿ ಸೋಲುತ್ತಿದೆ), ಇಷ್ಟೆಲ್ಲ ಹೊತ್ತುಕೊಂಡು ಗೌಟ್ (ಯೂರಿಕ್ ಆಸಿಡ್ ಹರಳು ಕೂತು ಕೀಲು ಊದುವ ರೋಗ) ಮಾಡಿಕೊಂಡವನ ಮಾತು ಇದು. ನಿಮ್ಮ ಲೆಕ್ಕ ಬೇರೆ ಇರಬಹುದು.

ಎರಡು ಮಾತ್ರೆಗಳ ಕೆಲಸವೂ ಒಂದೇ. ದೇಹದಲ್ಲಿ ಯೂರಿಕ್ ಆಸಿಡ್ ತಯಾರಾಗುವುದನ್ನೇ ತಗ್ಗಿಸಿ, ರಕ್ತದಲ್ಲಿ ಅದನ್ನು 6ರ (ಮಿ.ಗ್ರಾಂ/ಡಿಎಲ್) ಕೆಳಗೆ ಇಡಬೇಕು.

ನನ್ನ ತಕರಾರು ಇರುವುದು ಫೆಬುಕ್ಸೋಸ್ಟ್ಯಾಟ್‌ನ ವೇಗದ ಬಗ್ಗೆ. ಮೊದಲು ತೋರಿಸಿದ ಡಾಕ್ಟರು ನೇರವಾಗಿ 80 ಮಿಲಿಗ್ರಾಂ ಬರೆದುಕೊಟ್ಟರು, ಜೊತೆಗೆ ಗೌಟ್ ಊತ ತಡೆಯುವ ಕೊಲ್ಚಿಸಿನ್ ಮಾತ್ರೆ ಕೊಡಲಿಲ್ಲ. ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ ಸರ್ರನೆ ಇಳಿಯಿತು. ಅದರ ಹಿಂದೆಯೇ ಬಲಗಾಲಿನ ಹೆಬ್ಬೆರಳು ಟೊಮೆಟೊ ಹಾಗೆ ಕೆಂಪಗೆ ಊದಿಕೊಂಡಿತು. ರಕ್ತದಲ್ಲಿ ಯೂರಿಕ್ ಆಸಿಡ್ ಇಳಿದಾಗ ಕೀಲಿನಲ್ಲಿ ವರ್ಷಗಟ್ಟಲೆ ಕೂತಿದ್ದ ಹರಳುಗಳು ಕರಗಿ ಸಡಿಲಾಗುತ್ತವೆ, ದೇಹದ ರಕ್ಷಣಾ ಪಡೆ ಅವುಗಳ ಮೇಲೆ ಮುಗಿಬೀಳುತ್ತದೆ, ಊತ, ನೋವು ಅದರಿಂದಲೇ. ಯಾವ ಮಾತ್ರೆಯಲ್ಲೂ ಇದು ಆಗಬಹುದು, ಇಳಿತ ಜೋರಾದಷ್ಟೂ ಜಾಸ್ತಿ. ಅದಕ್ಕೇ ಶುರುವಿನ 3ರಿಂದ 6 ತಿಂಗಳು ಕಡಿಮೆ ಡೋಸಿನ ಕೊಲ್ಚಿಸಿನ್ ಜೊತೆಗಿರಬೇಕು ಅನ್ನುವುದು.

ಆ ರಾತ್ರಿ ಹೋದ ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿ, "ಯೂರಿಕ್ ಆಸಿಡ್ ನಾರ್ಮಲ್ ಇದೆಯಲ್ಲ ಸಾರ್, ಇದು ಉಳುಕು" ಅಂದರು. ನೋವಿನ ಹೊತ್ತಿನಲ್ಲಿ ಅಂಕಿ ನಾರ್ಮಲ್ ಬರುವುದು ಗೌಟ್‌ನಲ್ಲಿ ಮಾಮೂಲು. ಫ್ಯಾನಿನ ಗಾಳಿ ತಾಗಿದರೂ ಹಲ್ಲು ಕಚ್ಚುತ್ತಿದ್ದ ಆ ಬೆರಳಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿ ಬಿಗಿದರು. ಆಟೋದಲ್ಲೇ ನನ್ನ ಹೆಂಡತಿ ಅದನ್ನು ಬಿಚ್ಚಿ ಹಾಕಿದಳು.

ಮುಂದಿನ ಫಜೀತಿ ಇನ್ನೂ ದೊಡ್ಡದು. ಕಿಡ್ನಿ ಸೋತವರಿಗೆ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಒಳ್ಳೆಯದಲ್ಲ. ಸ್ಟೀರಾಯ್ಡ್ ಕೊಟ್ಟರು, ನೋವು ಇಳಿಯಿತು, ಸಕ್ಕರೆ ಏರಿ ಕೂತಿತು. ಒಂದನ್ನು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಹಾಗಾಗಿ ನನ್ನಂಥವರಿಗೆ ಅಂಕಿ ಬೇಗ ಇಳಿಯುವುದಕ್ಕಿಂತ ನೋವು ಬರದಂತೆ ಇಳಿಯುವುದು ಮುಖ್ಯ.

ಈಗ ನೋಡುತ್ತಿರುವ ಕಿಡ್ನಿ ಡಾಕ್ಟರು ಅಲೊಪ್ಯುರಿನಾಲ್ 50ರಿಂದ ಶುರು ಮಾಡಿ, ಪ್ರತಿ ಸಲ ರಕ್ತ ಪರೀಕ್ಷೆ ಮಾಡಿಸಿ ಮೆಲ್ಲಗೆ ಏರಿಸಿದರು. ಲ್ಯಾಬಿಗೆ ಅಲೆದಾಟ ಬೇಜಾರು, ಸುಳ್ಳು ಹೇಳಲ್ಲ. ಆದರೆ ಸಣ್ಣ ಚುಳುಕು ಬಿಟ್ಟರೆ ಕಾಲು ನೆಲಕ್ಕೂರಲಾಗದ ಸ್ಥಿತಿ ಮತ್ತೆ ಬಂದಿಲ್ಲ. ಅದರಲ್ಲಿ ಅರ್ಧ ಪುಣ್ಯ ಕೊಲ್ಚಿಸಿನ್‌ಗೆ ಸೇರಬೇಕು.

ಹೃದಯದ ವಿಷಯ. 2018ರ ಕೇರ್ಸ್ ಅಧ್ಯಯನದಲ್ಲಿ, ಮೊದಲೇ ಹೃದ್ರೋಗವಿದ್ದ ಗೌಟ್ ರೋಗಿಗಳ ಪೈಕಿ ಫೆಬುಕ್ಸೋಸ್ಟ್ಯಾಟ್ ತೆಗೆದುಕೊಂಡವರಲ್ಲಿ ಹೃದಯ, ರಕ್ತನಾಳದ ಕಾರಣದ ಸಾವು ಶೇ. 4.3, ಅಲೊಪ್ಯುರಿನಾಲ್‌ನಲ್ಲಿ ಶೇ. 3.2. ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಫೆಬುಕ್ಸೋಸ್ಟ್ಯಾಟ್ ಮೇಲೆ ಎಚ್ಚರಿಕೆ ಹಾಕಿಸಿತು. 2020ರಲ್ಲಿ ಯುರೋಪಿನ ಫಾಸ್ಟ್ ಅಧ್ಯಯನ ಅಂಥ ಅಪಾಯ ಕಾಣಲಿಲ್ಲ ಎಂದಿತು. ಜಗಳ ತಜ್ಞರದು, ಸ್ಟೆಂಟ್ ನನ್ನದು.

ಬೆಲೆಯಲ್ಲೂ ನನಗೆ ಅಲೊಪ್ಯುರಿನಾಲೇ ಅಗ್ಗ ಬಿತ್ತು.

"ಕಿಡ್ನಿ ಉಳಿಸುತ್ತೆ" ಅಂತ ಯಾರಾದರೂ ಅಲೊಪ್ಯುರಿನಾಲ್ ಕೊಡಿಸಲು ಹೊರಟರೆ ನಂಬಬೇಡಿ. 2020ರಲ್ಲೇ ಬಂದ ಎರಡು ಅಧ್ಯಯನಗಳಲ್ಲಿ ಅಲೊಪ್ಯುರಿನಾಲ್‌ನಿಂದ ಕಿಡ್ನಿ ಸೋಲುವುದು ನಿಧಾನವಾಗಲಿಲ್ಲ. ನಾನು ನುಂಗುವುದು ಗೌಟ್‌ಗೆ, ಅಷ್ಟೇ.

ಯೂರಿಕ್ ಆಸಿಡ್ ಏರುತ್ತೆ, ತೊಗರಿಬೇಳೆ ಬಿಡಿ ಅಂತ ನೆಂಟರು ಹೇಳುತ್ತಲೇ ಇದ್ದಾರೆ. ಮಾಂಸ, ಸಮುದ್ರದ ಮೀನು, ಬಿಯರ್ ಕಡಿಮೆ ಮಾಡಿದ್ದೇನೆ, ಸಾರು ಬಿಟ್ಟಿಲ್ಲ.

ಫೆಬುಕ್ಸೋಸ್ಟ್ಯಾಟ್‌ಗೂ ಅದರದೇ ಜಾಗವಿದೆ. ಅದು ಹೆಚ್ಚಾಗಿ ಲಿವರಿನಲ್ಲಿ ಕರಗುವುದರಿಂದ ಕಿಡ್ನಿಯವರಿಗೆ ಡೋಸಿನ ತಲೆನೋವು ಕಡಿಮೆ. ಅಲೊಪ್ಯುರಿನಾಲ್ ಅಪರೂಪಕ್ಕೆ ಚರ್ಮ ಸುಲಿಯುವಷ್ಟು ಕೆಟ್ಟ ಅಲರ್ಜಿ ತರುತ್ತದೆ. ಮೈಮೇಲೆ ದದ್ದು ಕಂಡ ದಿನವೇ ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕು. ನನ್ನ ತಂಗಿಯ ಗಂಡನಿಗೆ ಹಾಗೇ ದದ್ದು ಎದ್ದು, ಈಗ ಫೆಬುಕ್ಸೋಸ್ಟ್ಯಾಟ್ 40ರಲ್ಲೇ ಆರಾಮಾಗಿದ್ದಾರೆ. ಅವರಿಗೆ ಹೃದಯದ ತೊಂದರೆ ಇಲ್ಲ, ಮೊದಲ ದಿನದಿಂದ ಕೊಲ್ಚಿಸಿನ್ ಕೂಡ ಇತ್ತು.