ಸರ್ಕ್ಯೂಟ್ ಬೋರ್ಡಿಗೆ ಸ್ಯಾನಿಟೈಸರ್ ಹಚ್ಚಬೇಡಿ

ಜುಲೈ ತಿಂಗಳ ತೀರ್ಥಹಳ್ಳಿ. ಹಂಚಿನ ಮೇಲೆ ಮಳೆ ಒಂದೇ ಸಮ ಸುರಿಯುತ್ತಿದೆ, ಬಾವಿ ತುಂಬಿ ನಿಂತಿದೆ, ಬಚ್ಚಲ ನಲ್ಲಿಯಲ್ಲಿ ಮಾತ್ರ ಹನಿ ನೀರಿಲ್ಲ. "ನಿನ್ನ ಯಂತ್ರ ಬರುವ ಮೊದಲು ನಾನೇ ಸ್ವಿಚ್ ಹಾಕುತ್ತಿದ್ದೆ, ನೀರೂ ಬರುತ್ತಿತ್ತು" ಎಂದು ಅಮ್ಮ ಅಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲಿಸಲೆಂದು ನಾನು ಮಾಡಿ ಕೂರಿಸಿದ ಬೋರ್ಡು ಖಾಲಿ ಟ್ಯಾಂಕನ್ನೂ ತುಂಬಿದೆ ಎಂದುಕೊಂಡು ತೆಪ್ಪಗಿತ್ತು.

ಕೆಡಿಸಿದ್ದು ನಾನೇ, ಮೇ ತಿಂಗಳಲ್ಲಿ. ಸೋಲ್ಡರ್ ಮಾಡಿದ ಮೇಲೆ ಉಳಿಯುವ ಕಂದು ಅಂಟು, ಅಂದರೆ ಫ್ಲಕ್ಸ್, ತೆಗೆಯಲು ಮೊದಲು ಬಣ್ಣದ ಅಂಗಡಿಯ ಥಿನ್ನರ್ ಸುರಿದೆ. ಫ್ಲಕ್ಸ್ ಚೆನ್ನಾಗಿಯೇ ಕರಗಿತು. ಜೊತೆಗೆ ರಿಲೇಯ, ಅಂದರೆ ಮೋಟಾರನ್ನು ಹಾಕಿ ಆರಿಸುವ ಪುಟ್ಟ ಸ್ವಿಚ್ಚಿನ, ಪಾರದರ್ಶಕ ಹೊದಿಕೆ ಮಂಜಾಗಿ ಬಿರುಕು ಬಿಟ್ಟಿತು. ಅಸಿಟೋನ್ ಕೂಡ ಇದೇ ಜಾತಿಯದು. ಇವುಗಳ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೇ ಹರಿದು ಹೋಗುತ್ತದೆ. ಬಚ್ಚಲ ಒಲೆ ಉರಿಯುವ ಮನೆಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹೊಸ ರಿಲೇ ಹಾಕಿ, ಈ ಸಲ ಸೌಮ್ಯವಾದದ್ದು ಇರಲಿ ಎಂದು ಕೊರೊನಾ ಕಾಲದಿಂದ ಉಳಿದಿದ್ದ ಸ್ಯಾನಿಟೈಸರ್ ಹಚ್ಚಿದೆ. ಅದರಲ್ಲಿ ಆಲ್ಕೋಹಾಲ್ ಶೇ. 70ರ ಆಸುಪಾಸು. ಉಳಿದದ್ದರಲ್ಲಿ ಬಹುಪಾಲು ನೀರು, ಮೇಲೆ ಕೈ ಒಣಗದಿರಲೆಂದು ಹಾಕಿದ ಗ್ಲಿಸರಿನ್. ಆಲ್ಕೋಹಾಲ್ ಆರಿದಂತೆ ಫ್ಲಕ್ಸಿನ ಅರೆ ಕರಗಿದ ರಾಳ ಬಿಳಿ ಪೊರೆಯಾಗಿ ಹರಡಿತು. ಗ್ಲಿಸರಿನ್ ಅಲ್ಲೇ ಕುಳಿತು ಗಾಳಿಯ ತೇವ ಹೀರತೊಡಗಿತು. ಬೇಸಿಗೆಯಲ್ಲಿ ಗೊತ್ತಾಗಲಿಲ್ಲ. ಮಳೆಗಾಲದಲ್ಲಿ ಚಿಪ್ ಕಿತ್ತು, ತಂತಿಗಳನ್ನು ಬಿಡಿಸಿ ಅಳೆದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ತಾಮ್ರದ ಗೆರೆಗಳ ನಡುವೆ ಬರೀ 400 ಕಿಲೋಓಮ್ ತಡೆ! ಬಾಯಿಯಿಂದ ಬಿಸಿಯುಸಿರು ಬಿಟ್ಟೆ, ಮೀಟರಿನ ಅಂಕಿ ಅರ್ಧಕ್ಕೆ ಇಳಿಯಿತು. 1 ಮೆಗಾಓಮ್ (1000 ಕಿಲೋಓಮ್) ರೆಸಿಸ್ಟರ್ ನಂಬಿಕೊಂಡು ನೀರನ್ನು ಗುರುತಿಸುವ ಸರ್ಕ್ಯೂಟ್ ಹಾದಿ ತಪ್ಪಲು ಇಷ್ಟು ಸೋರಿಕೆ ಧಾರಾಳ.

ಈಗ ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಮೊಬೈಲ್ ರಿಪೇರಿಯವರು ಬಳಸುವುದೂ ಇದನ್ನೇ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಆರುವ ಮೊದಲೇ ಬೋರ್ಡನ್ನು ಓರೆಯಾಗಿ ಹಿಡಿದು ಹೊಸ ಆಲ್ಕೋಹಾಲ್ ಹರಿಸಿ ತೊಳೆಯಬೇಕು. ಬರೀ ಬಟ್ಟೆಯಲ್ಲಿ ಒರೆಸಿದರೆ ಅಂಟು ಜಾಗ ಬದಲಿಸುತ್ತದೆ, ಅಷ್ಟೇ. ಇದಕ್ಕೂ ಬೆಂಕಿ ಹತ್ತುತ್ತದೆ, ಕಿಟಕಿ ತೆರೆದಿರಲಿ. ಕೊಳ್ಳುವಾಗ ಸಣ್ಣ ಬಾಟಲಿಯನ್ನೇ ಕೊಳ್ಳಿ, ಮುಚ್ಚಳ ಬಿಗಿಯಾಗಿರಲಿ. ನಮ್ಮ ಮಳೆಗಾಲದ ಗಾಳಿಯಲ್ಲಿ ತೆರೆದಿಟ್ಟರೆ ತಾನಾಗಿಯೇ ನೀರು ಎಳೆದುಕೊಳ್ಳುತ್ತದೆ.

ತೊಳೆದ ಬೋರ್ಡಿಗೆ ವಾರ್ನಿಷ್ ಬಳಿಯುವುದನ್ನು ಬಿಸಿಲು ಬರುವವರೆಗೆ ಮುಂದೂಡಿದ್ದೇನೆ. ಅಲ್ಲಿಯವರೆಗೆ ಸ್ವಿಚ್ ಅಮ್ಮನ ಕೈಯಲ್ಲೇ ಇದೆ.