ರೆಡಿಮೇಡ್ ದಾನಪತ್ರದ ನಮೂನೆ: ಸೈಟಿಗೆ ಸರಿ, ಮ್ಯೂಸಿಯಂಗೆ ಅರ್ಧಂಬರ್ಧ

ಬೆಂಗಳೂರಿನ ಸಬ್ ರಿಜಿಸ್ಟ್ರಾರ್ ಕಚೇರಿಗಳ ಆಸುಪಾಸಿನ ಟೈಪಿಂಗ್ ಅಂಗಡಿಗಳಲ್ಲಿ ದಾನಪತ್ರದ ನಮೂನೆ ಸಿದ್ಧವಾಗಿಯೇ ಇರುತ್ತದೆ. ಹೆಸರು, ವಿಳಾಸ ತುಂಬಿಸಿ ಪ್ರಿಂಟ್ ತೆಗೆದುಕೊಡುತ್ತಾರೆ. ಮ್ಯೂಸಿಯಂಗೆ ವಸ್ತು ಬರೆಸಿಕೊಳ್ಳಲು ಇದನ್ನೇ ತಂದರೆ ಮೊದಲು ಎಡವುವುದು ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರ ಬರೆಯುವ ಭಾಗದಲ್ಲಿ. ಅಲ್ಲಿ ಕೇಳುವುದು ಚಕ್ಕುಬಂದಿ, ನಾಲ್ಕು ದಿಕ್ಕಿನ ಗಡಿ. ಹಿತ್ತಾಳೆ ದೀಪಕ್ಕೆ ಬೇಕಾದದ್ದು ಎತ್ತರ, ತೂಕ, ಬೆಸುಗೆ ಹಾಕಿದ ಜಾಗ, ಫೋಟೋ. ‘ಹಿತ್ತಾಳೆ ದೀಪ – 1’ ಎಂದಷ್ಟೇ ಬರೆದರೆ ಹತ್ತು ವರ್ಷದ ಮೇಲೆ ಅದು ಯಾವ ದೀಪವೆಂದು ಯಾರೂ ತೋರಿಸಲಾರರು.

ನಮೂನೆಯಲ್ಲಿ ನಿಜಕ್ಕೂ ಚೆನ್ನಾಗಿರುವುದು ಸ್ವೀಕಾರದ ಸಾಲು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಕಲಮಿನ ಪ್ರಕಾರ ದಾನಿ ಬದುಕಿರುವಾಗಲೇ ದಾನವನ್ನು ಸ್ವೀಕರಿಸಬೇಕು. ‘ಮುಂದಿನ ಸಮಿತಿ ಸಭೆಯಲ್ಲಿ ನೋಡೋಣ’ ಎಂದು ಬಿಟ್ಟು, ಅಷ್ಟರಲ್ಲಿ ದಾನಿ ತೀರಿಕೊಂಡರೆ ದಾನವೇ ಅನೂರ್ಜಿತ. ಚರ ವಸ್ತುವಿಗೆ ನೋಂದಣಿ ಕಡ್ಡಾಯವಲ್ಲ. 123ನೇ ಕಲಮಿನಂತೆ ಕೈಗೆ ಒಪ್ಪಿಸಿದರೂ ನಡೆಯುತ್ತದೆ. ಹಾಗಾಗಿ ಇಲ್ಲಿ ಪತ್ರದ ಬೆಲೆಯೆಲ್ಲ ಪುರಾವೆಯದು.

ಹಳೆಯ ಪತ್ರ, ಫೋಟೋಗಳಾದರೆ ಕಾಪಿರೈಟಿನ ಸಾಲನ್ನು ನೀವೇ ಸೇರಿಸಬೇಕು. ವಸ್ತು ಕೈಗೆ ಬಂದ ಮಾತ್ರಕ್ಕೆ ಕಾಪಿರೈಟ್ ಬರುವುದಿಲ್ಲ. ಅದಕ್ಕೆ ಸಹಿ ಹಾಕಿದ ಬರವಣಿಗೆ ಬೇಕು.

ದೊಡ್ಡ ಕೊರತೆ ಬೇರೆಯೇ ಇದೆ. ದಾನಿ ಎದುರಿಗೆ ಕೂತಿದ್ದಾರೆ ಎಂದುಕೊಂಡೇ ಈ ನಮೂನೆ ಮಾಡಿದ್ದಾರೆ. ಗೇಟಿನ ಬಳಿ ಯಾರೋ ಇಟ್ಟುಹೋದ ರಟ್ಟಿನ ಪೆಟ್ಟಿಗೆಗೆ ಇದು ಯಾವ ಕೆಲಸಕ್ಕೂ ಬಾರದು. ಇಟ್ಟವರು ಮಾಲೀಕರೋ ಅಲ್ಲವೋ, ಕೊಟ್ಟಿದ್ದೋ, ತೋರಿಸಲು ತಂದದ್ದೋ, ಒಂದೂ ಗೊತ್ತಿರುವುದಿಲ್ಲ. ಅಲ್ಲಿಗೆ ಬೇಕಾದದ್ದು ಕಾರ್ಬನ್ ಪ್ರತಿಯಿರುವ ಸ್ವೀಕೃತಿ ಪುಸ್ತಕ. ಅದೇ ದಿನ ತಾರೀಖು, ಸಮಯ, ವಸ್ತು ಪಡೆದ ಸಿಬ್ಬಂದಿಯ ಹೆಸರು ಬರೆಯಿರಿ, ತಾತ್ಕಾಲಿಕ ಸಂಖ್ಯೆ ಕೊಡಿ. ಅಕ್ಸೆಶನ್ ನಂಬರ್, ಅಂದರೆ ಮ್ಯೂಸಿಯಂನದೇ ಆದ ವಸ್ತುವಿಗೆ ಕೊಡುವ ಕಾಯಂ ಸಂಖ್ಯೆ ಮಾತ್ರ ಬೇಡ. ಹೊರ ಕವರು, ಕೊರಿಯರ್ ಚೀಟಿ ಎಸೆಯಬೇಡಿ, ಕಳಿಸಿದವರ ಸುಳಿವು ಇರುವುದು ಅಲ್ಲೇ. ಹುಳು ಹತ್ತಿರಬಹುದು, ಪಾಲಿಥೀನಿನಲ್ಲಿ ಸುತ್ತಿ ಸಂಗ್ರಹದಿಂದ ದೂರವಿಡಿ. ವಿಳಾಸ ಸಿಕ್ಕರೆ ‘ಇದು ದಾನವೇ? ಮಾಲೀಕರು ನೀವೇ? ಬೇಡವಾದರೆ ಇಂಥ ದಿನದೊಳಗೆ ವಾಪಸು ಪಡೆಯಿರಿ’ ಎಂದು ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕೇಳಿ.

ಉತ್ತರ ಬಾರದಿದ್ದರೆ ವಸ್ತು ನಮ್ಮದು ಎನ್ನುವುದು ತಪ್ಪು. ‘ಮೂರು ವರ್ಷ ಇಟ್ಟುಕೊಂಡರೆ ಸಾಕು’ ಎಂಬ ಲೆಕ್ಕವೂ ಅಪಾಯದ್ದು: ದಾವೆ ಹೂಡಲು ಕಾಲಮಿತಿ ಹೇಳುವ 1963ರ ಲಿಮಿಟೇಶನ್ ಕಾಯ್ದೆಯ 70ನೇ ವಿಧಿಯಲ್ಲಿ, ಇಡಲು ಕೊಟ್ಟ ವಸ್ತುವಿಗೆ ಮೂರು ವರ್ಷ ಎಣಿಸುವುದು ಮಾಲೀಕರು ಕೇಳಿ ನೀವು ಕೊಡುವುದಿಲ್ಲ ಎಂದ ದಿನದಿಂದ. ಅಮೆರಿಕದ ಹಲವು ರಾಜ್ಯಗಳಲ್ಲಿ ನೋಟಿಸ್ ಕೊಟ್ಟು ಅವಧಿ ಕಳೆದರೆ ಒಡೆತನ ಮ್ಯೂಸಿಯಂಗೆ ಬರುವಂತೆ ಪ್ರತ್ಯೇಕ ಕಾನೂನುಗಳಿವೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ವಸ್ತು ಕೇಳಿಕೊಂಡು ಯಾರಾದರೂ ಬಂದಾಗ ನಿಮ್ಮ ಪರವಾಗಿ ನಿಲ್ಲುವುದು ಆ ಕಾರ್ಬನ್ ಪ್ರತಿ, ಅಂಚೆ ರಸೀದಿ.

ಪೆಟ್ಟಿಗೆಯಲ್ಲಿ ದಂತ, ಹುಲಿಯುಗುರು ಕಂಡರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿ. ನೂರು ವರ್ಷ ಮೀರಿದ ವಿಗ್ರಹವಾದರೆ 1972ರ ಪುರಾವಸ್ತು ಕಾಯ್ದೆಯಡಿ ನೋಂದಣಿಯಾಗಿದೆಯೇ ನೋಡಿ. ನೋಂದಾಯಿತ ವಸ್ತು ಕೈ ಬದಲಾದರೆ ನೋಂದಣಿ ಅಧಿಕಾರಿಗೆ ತಿಳಿಸಲೇಬೇಕು. ಟೈಪಿಂಗ್ ಅಂಗಡಿಯ ನಮೂನೆಯಲ್ಲಿ ಇದಕ್ಕೂ ಜಾಗವಿಲ್ಲ.