ಬ್ಲೂ ಲಗೂನ್‌ಗಿಂತ ಆರ್ ಲಾಪ್ಸಿ, ಫುಲ್ ಫೇಸ್‌ಗಿಂತ ಪವರ್ ಮಾಸ್ಕ್: ಮಾಲ್ಟಾದಲ್ಲಿ ನನ್ನ ಸ್ನಾರ್ಕೆಲಿಂಗ್

ಮಾಲ್ಟಾಗೆ ಹೊರಟಿದ್ದೀರಾ? ಸ್ನಾರ್ಕೆಲಿಂಗ್ (ಮಾಸ್ಕ್ ಹಾಕಿ, ಕೊಳವೆಯಲ್ಲಿ ಉಸಿರಾಡುತ್ತಾ ತೇಲಿ ನೀರೊಳಗೆ ನೋಡುವುದು) ಹೊಸದಾ? ಕನ್ನಡಕ ಬೇರೆ ಇದೆಯಾ? ಹಾಗಾದರೆ ಕನ್ನಡಕದ ಪವರ್ ಇರುವ ಮಾಸ್ಕ್ ಕೊಳ್ಳಿ, ಆರ್ ಲಾಪ್ಸಿ ಅನ್ನೋ ಪುಟ್ಟ ಕಡಲ ಕೊಳಕ್ಕೆ ಹೋಗಿ. ನನಗೆ ಇದು ಗೊತ್ತಾಗಿದ್ದು ಐದು ದಿನದ ರಜೆಯಲ್ಲಿ ಎರಡು ದಿನ ಹಾಳಾದ ಮೇಲೆ.

ನಾವು ಮ್ಯೂನಿಕ್‌ನಿಂದ ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಆಗ ನೀರು 25 ಡಿಗ್ರಿ ಆಸುಪಾಸು ಇರುತ್ತದೆ, ಚಳಿ ತಡೆಯುವ ವೆಟ್‌ಸೂಟ್ ಬೇಡ. ಹೊರಡುವ ಮುಂಚೆ 30 ಯೂರೋ ಕೊಟ್ಟು ಇಡೀ ಮುಖ ಮುಚ್ಚುವ ‘ಫುಲ್ ಫೇಸ್’ ಮಾಸ್ಕ್ ತರಿಸಿದ್ದೆ. ಬಾಯಲ್ಲಿ ಕೊಳವೆ ಕಚ್ಚಿಕೊಳ್ಳಬೇಕಿಲ್ಲ, ಮೂಗಿನಿಂದಲೇ ಉಸಿರಾಡಬಹುದು ಅನ್ನೋದು ಆಸೆ ಹುಟ್ಟಿಸಿತ್ತು.

ನನ್ನದು ಮೈನಸ್ ನಾಲ್ಕು. ಕನ್ನಡಕ ಹಾಕಿಕೊಂಡೇ ಮಾಸ್ಕ್ ಒಳಗೆ ಮುಖ ತೂರಿಸಿದೆ. ಕಡ್ಡಿ ಕಿವಿಯತ್ತ ಹೋಗುವ ಕಡೆ ಸಿಲಿಕೋನ್ ಅಂಚು ಎದ್ದು ನಿಂತಿತು, ಅಲ್ಲಿಂದಲೇ ನೀರು ಒಳಗೆ. ಹಳೇ ಕನ್ನಡಕದ ಕಡ್ಡಿ ಮುರಿದು, ಟೇಪಿನಿಂದ ಒಳಗಡೆ ಅಂಟಿಸಿದೆ. ಎರಡೇ ನಿಮಿಷಕ್ಕೆ ಆವಿ ಕೂತು ಟೇಪ್ ಬಿಟ್ಟುಕೊಂಡಿತು, ಕನ್ನಡಕ ಜಾರಿ ಗಲ್ಲದ ಹತ್ತಿರ ಬಿತ್ತು.

ಕಾಂಟ್ಯಾಕ್ಟ್ ಲೆನ್ಸ್ ಹಾಕೋಣ ಅಂದರೆ ಕಣ್ಣಿನ ಡಾಕ್ಟರು ಮೊದಲೇ ಬೇಡ ಅಂದಿದ್ದರು. ನೀರಿನಲ್ಲಿರುವ ಸೂಕ್ಷ್ಮಜೀವಿ ಲೆನ್ಸ್ ಅಡಿಯಲ್ಲಿ ಸಿಕ್ಕಿಕೊಂಡರೆ ಕಾರ್ನಿಯಾಗೇ ಸೋಂಕು ತಗಲಬಹುದು. ಆದ್ದರಿಂದ ಬರಿಗಣ್ಣಲ್ಲೇ ಇಳಿದೆ. ಕಂಡಿದ್ದು ನೀಲಿ ಮಂಜು, ಅದರೊಳಗೆ ಅಲ್ಲಾಡುವ ಬೂದು ಚುಕ್ಕೆಗಳು. ನಮ್ಮ ಯಜಮಾನರು ‘ಅಲ್ನೋಡು, ಅಲ್ನೋಡು’ ಅನ್ನೋ ಹಾಗೆ ಕೈ ತೋರಿಸುತ್ತಿದ್ದರು. ನನಗೆ ಅವರ ಕೈ ಮಾತ್ರ ಕಾಣುತ್ತಿತ್ತು. ನಿಜಕ್ಕೂ ಅಳು ಬಂತು.

ಮೂರನೇ ದಿನ ಒಂದು ಡೈವಿಂಗ್ ಅಂಗಡಿಗೆ ಹೋದೆವು. ಅಲ್ಲಿನ ಹುಡುಗಿ ಡ್ರಾಯರ್ ಎಳೆದಳು. ಒಳಗೆ ಸಾಲಾಗಿ ರೆಡಿ ಲೆನ್ಸ್‌ಗಳು, ಅರ್ಧ ಅರ್ಧ ಪವರ್ ಏರುತ್ತಾ. ಎರಡು ಗಾಜಿನ ಮಾಮೂಲಿ ಮಾಸ್ಕ್ ತಗೊಂಡು, ಅದರ ಗಾಜು ಬಿಚ್ಚಿ, ಮೈನಸ್ ಮೂರೂವರೆ ಕೂರಿಸಿದಳು. ನೀರೊಳಗೆ ಎಲ್ಲವೂ ದೊಡ್ಡದಾಗಿ, ಹತ್ತಿರ ಕಾಣುವುದರಿಂದ ಪವರ್ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ ಅಂದಳು. ಹತ್ತು ನಿಮಿಷದ ಕೆಲಸ. ಸ್ನಾರ್ಕೆಲ್ ಸೇರಿ 75 ಯೂರೋ ಆಯಿತು. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ ಜಾಸ್ತಿ ಇರುವವರಿಗೆ ಈ ರೆಡಿ ಲೆನ್ಸ್ ಸಾಲದು, ಊರಲ್ಲೇ ಮಾಡಿಸಿಕೊಂಡು ಹೋಗಿ.

ಫುಲ್ ಫೇಸ್ ಮಾಸ್ಕ್‌ನಲ್ಲಿ ಮೂಗು ಹಿಡಿದು ಕಿವಿಯ ಒತ್ತಡ ಬಿಡಿಸಲು ಆಗುವುದಿಲ್ಲ, ಹಾಗಾಗಿ ಮುಳುಗುವಂತಿಲ್ಲ. ಅಗ್ಗದ್ದರಲ್ಲಿ ಬಿಟ್ಟ ಉಸಿರೇ ಮತ್ತೆ ಒಳಗೆ ಬರುವ ಭಯ ಬೇರೆ.

ಮಾಸ್ಕ್ ಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಅಳತೆ. ಬೆನ್ನು ಸುಡದಂತೆ ತುಂಬುತೋಳಿನ ಈಜು ಅಂಗಿ ಇರಲಿ. ಈಜಲು ಕಾಲಿಗೆ ಹಾಕುವ ಫಿನ್ಸ್ ಬಾಡಿಗೆಗೆ ಸಾಕು. ರಬ್ಬರ್ ಅಡಿಯ ನೀರಿನ ಶೂ ಮಾತ್ರ ಬಿಡಬೇಡಿ, ಬಂಡೆ ತುಂಬಾ ಮುಳ್ಳುಮುಳ್ಳಿನ ಸೀ ಅರ್ಚಿನ್ ಅನ್ನೋ ಜೀವಿಗಳು ಇರುತ್ತವೆ.

ಇನ್ನು ಜಾಗ. ಕೊಮಿನೊ ದ್ವೀಪದ ಬ್ಲೂ ಲಗೂನ್ ಫೋಟೋದಲ್ಲಿ ಇರುವಷ್ಟೇ ಚಂದ. ಆದರೆ ಆ ಹಾಲು ಬೆರೆಸಿದಂಥ ನೀಲಿ ಬರುವುದೇ ತಳದ ಬಿಳಿ ಮರಳಿನಿಂದ. ಬರೀ ಮರಳಲ್ಲಿ ಮೀನಿಗೇನು ಕೆಲಸ, ಅಲ್ವಾ? ಮೀನು ಬೇಕಾದರೆ ಅಂಚಿನ ಬಂಡೆಗಳ ಕಡೆ ಹೋಗಬೇಕು, ಹೊಸಬರಿಗೆ ಅದು ದೂರ. ದೋಣಿ, ಜನ ಎರಡೂ ಜಾಸ್ತಿ. 2025ರಿಂದ ಮುಂಚೆಯೇ ಸ್ಲಾಟ್ ಬುಕ್ ಮಾಡಿಕೊಂಡು ಹೋಗಬೇಕು.

ಗೋಜೊ ದ್ವೀಪದ ದ್ವೇಯ್ರಾ ಅನ್ನೋ ಜಾಗ ಅನುಭವಸ್ಥರಿಗೆ. ಅಲ್ಲಿದ್ದ ಅಜೂರ್ ವಿಂಡೋ ಕಲ್ಲಿನ ಕಮಾನು 2017ರ ಮಾರ್ಚ್‌ನಲ್ಲೇ ಕುಸಿದಿದೆ, ಅದನ್ನು ನೋಡಲು ಹೋಗಬೇಡಿ.

ಆರ್ ಲಾಪ್ಸಿ ಮಾಲ್ಟಾದ ಮುಖ್ಯ ದ್ವೀಪದ ದಂಡೆಯಲ್ಲೇ ಇದೆ. ‘ಆರ್’ ಅಂದರೆ ಗುಹೆ. ಬೋರ್ಡಿನಲ್ಲಿ ‘ಘಾರ್’ ಅನ್ನೋ ಹಾಗೆ ಬರೆದಿರುತ್ತಾರೆ, ಆದರೆ ಹೇಳುವುದು ಹೀಗೆಯೇ. ಬಂಡೆಗಳು ತೋಳು ಚಾಚಿ ತಬ್ಬಿದಂಥ ಪುಟ್ಟ ಕೊಳ. ಅಲೆ ಒಳಗೆ ಬರುವುದು ಕಡಿಮೆ. ನೇತ್ರಾಣಿಯಲ್ಲಿ ಒಮ್ಮೆ ಲೈಫ್ ಜಾಕೆಟ್ ಹಾಕಿ ತೇಲಿದ್ದು ಬಿಟ್ಟರೆ ನನಗೆ ಸಮುದ್ರದ ಅಭ್ಯಾಸ ಇಲ್ಲ, ಆದರೂ ಇಲ್ಲಿ ಭಯ ಆಗಲಿಲ್ಲ. ಗಾಳಿ ಮಾತ್ರ ನೋಡಿಕೊಳ್ಳಿ. ಮಾಲ್ಟಾದಲ್ಲಿ ಹೆಚ್ಚಾಗಿ ಬೀಸುವ ವಾಯವ್ಯದ ಗಾಳಿಗೆ ಈ ಕಡೆ ಪರವಾಗಿಲ್ಲ. ದಕ್ಷಿಣದ ಗಾಳಿ ಎದ್ದ ದಿನ ಸುಮ್ನೆ ಇಳಿಯಬೇಡಿ.

ಹೊಸ ಮಾಸ್ಕ್‌ನಲ್ಲಿ ಮೊದಲು ಕಂಡಿದ್ದು ಕಂದು ಬಣ್ಣದ ಮೀನಿನ ಗುಂಪು. ಆಮೇಲೆ ಬಂಡೆಯ ಸಂದಿಯಲ್ಲಿ ಉಗುರಿನಷ್ಟೇ ದೊಡ್ಡ, ದೀಪ ಹಚ್ಚಿಟ್ಟ ಹಾಗೆ ಹೊಳೆಯುವ ನೀಲಿ ಮೀನುಗಳು. ಅವೂ ಅದೇ ಕಂದು ಮೀನಿನ ಮರಿಗಳಂತೆ! ದೊಡ್ಡವಾಗುತ್ತಾ ನೀಲಿ ಹೋಗುತ್ತದಂತೆ. ಈ ಸಲ ಕೈ ತೋರಿಸಿದ್ದು ನಾನು.

ಅಲ್ಲಿಗೆ 201ನೇ ನಂಬರ್ ಬಸ್ ಹೋಗುತ್ತದೆ. ಬಸ್ಸು ಕಡಿಮೆ, ವಾಪಸ್ಸಿನ ಟೈಮ್ ಮೊದಲೇ ನೋಡಿಟ್ಟುಕೊಳ್ಳಿ. ನಾವು ಉಳಿದ ಮೂರೂ ದಿನ ಅಲ್ಲಿಗೇ ಹೋದೆವು.